ಗುಬ್ಬಿ ಲೆಕ್ಕದ ನೂರು ಕಿಲೋಮೀಟರು

ದೂರ ಎಷ್ಟು ಎಂದು ಯಾರಾದರೂ ಕೇಳಿದರೆ ನಾನೀಗ ಬಾಯಿ ಬಿಡುವುದಿಲ್ಲ. ಮೊನ್ನೆ ತುಮಕೂರಿನ ಬಸ್ ನಿಲ್ದಾಣದಲ್ಲಿ ಬೆನ್ನಿಗೊಂದು ಕೈಗೊಂದು ಬ್ಯಾಗು ಹೊತ್ತಿದ್ದ ಹೆಣ್ಣುಮಗಳೊಬ್ಬಳು, "ಅಂಕಲ್, ಇಲ್ಲಿಂದ ರೈಲ್ವೆ ಸ್ಟೇಷನ್ ಎಷ್ಟು ದೂರ ಆಗುತ್ತೆ?" ಎಂದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಹೆಂಡತಿ ಸರೋಜ ಮುಂದೆ ಬಂದು, "ಇವರನ್ನ ಕೇಳ್ಬೇಡಮ್ಮ, ಆ ಆಟೋದವ್ರನ್ನ ಕೇಳು" ಎಂದು ಅವಳನ್ನು ಕಳಿಸಿಯೇಬಿಟ್ಟಳು. ಸರ್ವೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಊರವರ ಜಮೀನನ್ನೆಲ್ಲ ಅಳೆದು ನಿವೃತ್ತನಾದ ಮನುಷ್ಯನಿಗೆ ನಡುಬೀದಿಯಲ್ಲಿ ಸಂದ ಮರ್ಯಾದೆ ಇದು. ಆದರೂ ಸರೋಜಳದು ತಪ್ಪು ಎನ್ನಲಾರೆ.

ಹಾಗಂತ ನಾನು ಹೇಳುವ ದೂರ ಸುಳ್ಳೇನಲ್ಲ. ಅದು ಯಾವಾಗಲೂ ಸರಿಯಾಗಿಯೇ ಇರುತ್ತದೆ, ಹಾರಿಕೊಂಡು ಹೋಗುವವರಿಗೆ. ಈ ಚಾಳಿಗೆ ನಮ್ಮೂರಿನವರು ಬಹಳ ಹಿಂದೆಯೇ ಒಂದು ಹೆಸರಿಟ್ಟಿದ್ದರು. ನಮ್ಮೂರು ಗುಬ್ಬಿ. ಗುಬ್ಬಿಯಿಂದ ಕುಣಿಗಲ್ಲಿಗೆ ಹೋಗುವವರು ಸಾಮಾನ್ಯವಾಗಿ ತುಮಕೂರಿಗೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ, ಕಡಲೆಕಾಯಿ ತಿಂದು, ಮತ್ತೆ ದಕ್ಷಿಣಕ್ಕೆ ತಿರುಗಿ ಹೋಗುತ್ತಾರೆ. ನಾನು ಮಾತ್ರ ಎರಡು ಊರಿನ ನಡುವೆ ನಕ್ಷೆಯ ಮೇಲೆ ಒಂದು ಗೆರೆ ಎಳೆದು, "ಅಷ್ಟೆಲ್ಲ ಇಲ್ಲ ಬಿಡಿ, ಇಷ್ಟೇ" ಎನ್ನುತ್ತಿದ್ದೆ. ನಮ್ಮ ಬೀದಿಯ ಹೋಟೆಲಿನಲ್ಲಿ ಒಬ್ಬರು, "ಇವರದು ಗುಬ್ಬಿ ಲೆಕ್ಕ ಕಣ್ರಪ್ಪ. ಪುರ್ ಅಂತ ಹಾರೋಗೋರ್ಗೆ ಸರಿ, ನಮ್ಮಂಗೆ ಕಾಲಿರೋರ್ಗಲ್ಲ" ಎಂದರು. ಊರಿನ ಹೆಸರೂ ಬಂತು, ಹಕ್ಕಿಯ ಹೆಸರೂ ಬಂತು. ಅವತ್ತಿನಿಂದ ಆ ಮಾತು ನನಗೆ ಅಂಟಿಕೊಂಡುಬಿಟ್ಟಿತು.

ನನ್ನ ಅಜ್ಜಿಯದು ಇದಕ್ಕೆ ತದ್ವಿರುದ್ಧ. ಅವಳಿಗೆ ಮೈಲಿಯೂ ಗೊತ್ತಿರಲಿಲ್ಲ, ಕಿಲೋಮೀಟರೂ ಗೊತ್ತಿರಲಿಲ್ಲ. ಪಕ್ಕದ ಹಳ್ಳಿ ಎಷ್ಟು ದೂರ ಎಂದರೆ, "ಎರಡು ಕಿತ ಎಲಡ್ಕೆ ಹಾಕೋವಷ್ಟು" ಎನ್ನುತ್ತಿದ್ದಳು. ದಾರಿಯಲ್ಲಿ ಏರು ಇದ್ದರೆ ಎಲೆಯಡಿಕೆ ಮೂರು ಸಲ ಆಗುತ್ತಿತ್ತು. ಬಿಸಿಲಿದ್ದರೆ ಇನ್ನೂ ಅರ್ಧ ಜಾಸ್ತಿ. ಎಂಥ ಅಳತೆ ನೋಡಿ, ಅದರಲ್ಲಿ ಬೆಟ್ಟವೂ ಸೇರಿತ್ತು, ಬಿಸಿಲೂ ಸೇರಿತ್ತು, ನಡೆಯುವವಳ ವಯಸ್ಸೂ ಸೇರಿತ್ತು. ನಾನು ಅವಳನ್ನು ನೋಡಿ ನಗುತ್ತಿದ್ದೆ. ಓದಿದವನಲ್ಲವೇ!

ಓದು ಎಂದರೆ ಮುಖ್ಯವಾಗಿ ನಕ್ಷೆ ಬಿಡಿಸುವುದು. ಆಗ ಪಾರದರ್ಶಕ ಹಾಳೆ ಕೊಳ್ಳುವ ರೂಢಿ ನಮ್ಮ ಕಡೆ ಇರಲಿಲ್ಲ. ಬಿಳಿ ಹಾಳೆಗೆ ಕೊಬ್ಬರಿ ಎಣ್ಣೆ ಸವರಿ ಬಿಸಿಲಿಗಿಟ್ಟರೆ ಅದೇ ಆಚೆ ಕಡೆ ಕಾಣುವ ಹಾಳೆ. ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಎಣ್ಣೆಗೆ ಬರವೇ? ನಾನು ಮನೆಯವರ ಕಣ್ಣು ತಪ್ಪಿಸಿ ಧಾರಾಳವಾಗಿಯೇ ಸುರಿದುಕೊಳ್ಳುತ್ತಿದ್ದೆ. ಹಾಳೆಯನ್ನು ತಲೆಕೆಳಗಾಗಿ ಒಣಹಾಕುತ್ತಿದ್ದುದರಿಂದ ಎಣ್ಣೆಯೆಲ್ಲ ಭಾರತದ ತಲೆಯ ಕಡೆಗೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಹೀಗಾಗಿ ಕನ್ಯಾಕುಮಾರಿಯಿಂದ ದೆಹಲಿಯವರೆಗೆ ನನ್ನ ಪೆನ್ಸಿಲು ಚೆನ್ನಾಗಿ ಓಡುತ್ತಿತ್ತು, ಲಡಾಖಿಗೆ ಬಂದ ಕೂಡಲೇ ಜಾರುತ್ತಿತ್ತು. ಭೂಗೋಳದ ಮೇಷ್ಟ್ರು ಪ್ರತಿಸಲವೂ, "ಲೋ, ಇದೇನ್ಲಾ ಇದು, ದೇಶದ ತಲೆಗೆ ಎಣ್ಣೆ ಹಚ್ಚಿದೀಯ?" ಎಂದು ಕಿವಿ ಹಿಂಡುತ್ತಿದ್ದರು. ಲಡಾಖ್ ಎಂದರೆ ಒಂದು ಎಣ್ಣೆಯ ಕಲೆ ಎನ್ನುವುದಕ್ಕಿಂತ ಹೆಚ್ಚಿನ ತಿಳಿವಳಿಕೆ ನನಗೆ ಅರುವತ್ತು ದಾಟುವವರೆಗೂ ಬರಲಿಲ್ಲ.

ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ. ಬಸ್ಸಿಳಿದ ಮೇಲೆ ಸರೋಜಳ ಊರು ಎರಡು ಕಿಲೋಮೀಟರು ಎಂದು ನಮ್ಮಪ್ಪನಿಗೆ ನಾನೇ ಹೇಳಿದ್ದೆ. ನಕ್ಷೆಯಲ್ಲಿ ಅಷ್ಟೇ ಇತ್ತು. ನಡುವೆ ತುಂಬಿದ ಒಂದು ಕೆರೆಯೂ ಇತ್ತು. ಕೆರೆಯನ್ನು ಪೂರಾ ಸುತ್ತು ಹಾಕಿ, ಮಡಿ ಪಂಚೆಗೆ ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಅಪ್ಪ ಬೀಗರ ಮನೆ ಸೇರಿದರು. ಸರೋಜ ನನ್ನನ್ನು ಮೊದಲ ಸಲ ನೋಡಿದ್ದು ಅಪ್ಪನಿಂದ ಬೈಸಿಕೊಳ್ಳುತ್ತ ಕಾಲು ತೊಳೆಯುತ್ತಿದ್ದಾಗ. ಅಷ್ಟಾದರೂ ಒಪ್ಪಿದಳು, ಅದು ಬೇರೆ ಮಾತು.

ಇದರಲ್ಲಿ ನನ್ನ ಕಸುಬಿನ ಪಾಲೂ ಇದೆ. ಜಮೀನು ಅಳೆಯುವವರು ಏರನ್ನಾಗಲಿ ಇಳಿಜಾರನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂವತ್ತಮೂರು ಅಡಿಯ ಚೈನನ್ನು ನೆಲದ ಮೇಲೆ ಎಳೆಯುವಂತಿಲ್ಲ. ತಗ್ಗಿನಲ್ಲಿರುವವನು ತನ್ನ ತುದಿಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕು, ಚೈನು ಮಟ್ಟಸವಾಗಿ ಗಾಳಿಯಲ್ಲಿ ನಿಲ್ಲಬೇಕು. ಗುಡ್ಡವೇ ಇರಲಿ, ಹಳ್ಳವೇ ಇರಲಿ, ಕಾಗದದ ಮೇಲೆ ಎಲ್ಲವೂ ಚಪ್ಪಟೆ. ಹೀಗೆ ಮೂರೂವರೆ ದಶಕ ಭೂಮಿಯನ್ನು ಚಪ್ಪಟೆ ಮಾಡಿದವನ ತಲೆಯೂ ಸ್ವಲ್ಪ ಹಾಗೇ ಆಗಿದ್ದರೆ ಆಶ್ಚರ್ಯವೇನಿಲ್ಲ.

ಆ ಚೈನಿನ ಇನ್ನೊಂದು ತುದಿ ಹಿಡಿಯುತ್ತಿದ್ದವನೇ ಮಹಬೂಬ್. ಕುಣಿಗಲ್ಲಿನವನು, ನನಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವನು. ನಾನು ನೆರಳಲ್ಲಿ ನಿಂತು ಗೆರೆ ಎಳೆಯುವುದು, ಅವನು ಜಾಲಿಮುಳ್ಳಿನೊಳಗೆ ನುಗ್ಗಿ ಚೈನು ಹಿಡಿಯುವುದು, ಇದು ನಮ್ಮ ಇಪ್ಪತ್ತು ವರ್ಷದ ಒಪ್ಪಂದ. ನನ್ನ ಅಳತೆಯ ಮೇಲೆ ಅವನಿಗೆ ಎಂಥ ನಂಬಿಕೆಯೆಂದರೆ, ಮನೆ ಕಟ್ಟಿಸುವಾಗ ಮೇಸ್ತ್ರಿಯ ಟೇಪನ್ನು ನಂಬದೆ ನನ್ನನ್ನು ತುಮಕೂರಿನಿಂದ ಕರೆಸಿದ್ದ. ನಿವೃತ್ತಿಯಾದ ಮೇಲೂ ಅವನು ತುಮಕೂರಿನ ಸದಾಶಿವನಗರದ ನಮ್ಮ ಮನೆಗೆ ಬರುವುದು, ನಾನು ಕುಣಿಗಲ್ಲಿಗೆ ಹೋಗುವುದು ನಿಂತಿರಲಿಲ್ಲ.

ಮೂರು ವರ್ಷದ ಕೆಳಗೆ ಒಂದು ಬೆಳಿಗ್ಗೆ ಅವನು ಬಂದು ಜಗಲಿಯ ಮೇಲೆ ಕೂತ. ಮುಖದಲ್ಲಿ ಸಂತೋಷವೂ ಇತ್ತು, ದಿಗಿಲೂ ಇತ್ತು. ಅವನ ಮಗಳು ನಸೀಮಾ ನರ್ಸಿಂಗ್ ಓದಿ ಲಡಾಖಿನ ಲೇಹ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಳು. ಮಗಳಿರುವ ಊರಿನ ಹೆಸರು ಹೇಳುವುದೇ ಅವನಿಗೊಂದು ಫಜೀತಿ.

"ಎಲ್ಲವ್ಳೆ ಮಗ್ಳು ಅಂತ ಕೇಳ್ತಾರೆ ಸಾರ್. 'ಲೇ' ಅಂತೀನಿ. ಯಾರ್ಗ್ಲಾ ಲೇ ಅಂತೀಯ ಅಂತ ಜಗಳಕ್ಕೇ ಬರ್ತಾರೆ."

ಅದು ಹಳೆಯ ಗೋಳು. ಹೊಸ ವಿಷಯ ಬೇರೆ ಇತ್ತು. ತುಮಕೂರಿನ ಪಕ್ಕದ ಗೂಳೂರಿನ ಹುಡುಗ, ಇರ್ಫಾನ್ ಅಂತ. ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಜನರೇಟರ್ ರಿಪೇರಿ ಕಲಿತು, ಈಗ ಉತ್ತರದಲ್ಲಿ ಮೊಬೈಲ್ ಟವರುಗಳ ಜನರೇಟರ್ ನೋಡಿಕೊಳ್ಳುತ್ತಿದ್ದ. ಅವನ ಮನೆಯವರು ನಸೀಮಾಳನ್ನು ಕೇಳಿಕೊಂಡು ಬಂದಿದ್ದರು. ಹುಡುಗ ಒಳ್ಳೆಯವನು, ಮನೆತನವೂ ಸರಿ. ಒಂದೇ ತಕರಾರು, ಅವನಿರುವುದು ಲೇಹ್‌ನಲ್ಲಿ ಅಲ್ಲ, ಪದುಮ್ ಎನ್ನುವ ಇನ್ನೊಂದು ಊರಿನಲ್ಲಿ.

"ಗಂಡ ಒಂದೂರು ಹೆಂಡ್ತಿ ಒಂದೂರು ಆದ್ರೆ ಸಂಸಾರ ಹೆಂಗ್ ಸಾರ್? ಹತ್ರ ಆದ್ರೆ ಹೂಂ ಅಂತೀನಿ, ದೂರ ಆದ್ರೆ ಬ್ಯಾಡ ಅಂತೀನಿ. ನೀವು ಅಳ್ದು ಹೇಳಿ. ನೀವು ಹೇಳಿದ್ದೇ ಫೈನಲ್ಲು."

"ಫೋನಲ್ಲಿ ನೋಡ್ಬಾರ್ದಾ?" ಎಂದಳು ಒಳಗಿನಿಂದ ಸರೋಜ.

"ಫೋನಂತೆ!" ಎಂದು ನಾನು, "ಫೋನ್ ಏನ್ ಅಳ್ದಾದು ಬುಡಕ್ಕಾ" ಎಂದು ಅವನು, ಇಬ್ಬರೂ ಒಟ್ಟಿಗೆ ನಕ್ಕೆವು. ನಾನು ಕಪಾಟಿನಿಂದ ದೊಡ್ಡ ಅಟ್ಲಾಸು ಇಳಿಸಿದೆ. ಕನ್ನಡಕ ಒರೆಸಿದೆ. ಎರಡು ಚುಕ್ಕೆ ಹುಡುಕಿ ಸ್ಕೇಲಿಟ್ಟೆ. ಎಷ್ಟು ಸೊಗಸಾಗಿ, ಎಷ್ಟು ಗಾಂಭೀರ್ಯದಿಂದ ಆ ತಪ್ಪನ್ನು ಮಾಡಿದೆ ಎಂದರೆ, ನೀವು ಎದುರಿಗಿದ್ದಿದ್ದರೆ ಕೈಮುಗಿಯುತ್ತಿದ್ದಿರಿ.

"ನೂರು ಕಿಲೋಮೀಟರು ಕಣಯ್ಯ. ನಮ್ಮ ತುಮಕೂರಿಂದ ಹಿರಿಯೂರಿನ ಆಸುಪಾಸು. ವಿಮಾನದಲ್ಲಾದ್ರೆ ಕಾಫಿ ಆರೋದ್ರೊಳಗೆ ಇಳೀಬಹುದು."

"ಅಷ್ಟೇನಾ ಸಾರ್? ವಾರಕ್ಕೊಂದ್ಸಲ ಬಂದೋಗ್ಬೋದು ಹಂಗಾದ್ರೆ."

"ಧಾರಾಳವಾಗಿ."

ಮದುವೆ ಕುಣಿಗಲ್ಲಿನಲ್ಲಿ ಆಯಿತು. ಮಹಬೂಬ್ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಬಂದವರಿಗೆಲ್ಲ "ಇವ್ರೇ ನೋಡಿ ಅಳದು ಹೇಳಿದ್ದು, ಬರೀ ನೂರೇ ಕಿಲೋಮೀಟರು" ಎಂದು ಪರಿಚಯಿಸಿದ. ಮದುಮಗಳು ಮಾತ್ರ ಆ ಮಾತು ಬಂದಾಗಲೆಲ್ಲ ತಲೆ ತಗ್ಗಿಸುತ್ತಿದ್ದಳು. ನಾಚಿಕೆ ಎಂದುಕೊಂಡೆ. ಸಸ್ಯಾಹಾರದ ಪಂಕ್ತಿಯಲ್ಲಿ ಕೂತು ಖುಷ್ಕವನ್ನು ಎರಡು ಸಲ ಹಾಕಿಸಿಕೊಂಡೆ, ಸಿಹಿ ಮೂರು ಸಲ. ಒಬ್ಬ ಸರ್ವೆಯವನಿಗೆ ಜಗಳವಿಲ್ಲದೆ ಗೌರವ ಸಿಗುವುದು ಅಪರೂಪ. ನಾವು ಅಳೆದ ಮೇಲೆ ಸಾಧಾರಣವಾಗಿ ಎರಡು ಕಡೆಯವರೂ ನಮ್ಮನ್ನೇ ಬೈಯುತ್ತಾರೆ.

ಮಾರನೆಯ ವರ್ಷ ನಸೀಮಾ ಚೊಚ್ಚಲ ಹೆರಿಗೆಗೆ ನವೆಂಬರಿನಲ್ಲೇ ತವರಿಗೆ ಬಂದಳು. ಲೇಹ್‌ನಿಂದ ದೆಹಲಿ, ದೆಹಲಿಯಿಂದ ಬೆಂಗಳೂರು, ವಿಮಾನದಲ್ಲೇ ಬಂದಳು. ಡಿಸೆಂಬರಿನ ಕೊನೆಗೆ ಹೆಣ್ಣುಮಗು ಹುಟ್ಟಿತು. ಸನಾ ಎಂದು ಹೆಸರಿಟ್ಟರು. ಹೆಸರಿಡುವಾಗ ಇರ್ಫಾನ್ ಇರಲಿಲ್ಲ. ಬಾಣಂತನದ ನಲವತ್ತನೆಯ ದಿನದ ಊಟಕ್ಕೂ ಬರಲಿಲ್ಲ. ನಾನೂ ಸರೋಜಳೂ ಜ್ವರ ಬಂದು ಮಲಗಿದ್ದರಿಂದ ಆ ಊಟಕ್ಕೆ ಹೋಗಿರಲಿಲ್ಲ, ಅಲ್ಲಿ ಏನಾಯಿತೆಂಬುದು ಗೊತ್ತಿರಲಿಲ್ಲ.

ಗೊತ್ತಾದದ್ದು ಫೆಬ್ರವರಿಯಲ್ಲಿ, ಮಹಬೂಬ್ ಹೇಳದೆ ಕೇಳದೆ ಬಂದು ನಿಂತಾಗ. ಸರೋಜ ಕೊಟ್ಟ ಕಾಫಿಯನ್ನು ಅವನು ಮುಟ್ಟಲಿಲ್ಲ.

"ಸಾರ್, ಇನ್ನೊಂದ್ಸಲ ಅಳೀತೀರಾ?"

"ಏನನ್ನ?"

"ಅದೇ, ಆ ಎರಡೂರು."

ನಾನು ಅಟ್ಲಾಸು ತಂದೆ. ಸ್ಕೇಲಿಟ್ಟೆ. ನನ್ನ ಜೀವಮಾನದಲ್ಲಿ ಎರಡನೆಯ ಸಲ ಅಳೆದಾಗ ಅಳತೆ ಬದಲಾದದ್ದಿಲ್ಲ. ಹೆಮ್ಮೆಯಿಂದಲೇ ಹೇಳಿದೆ, "ನೂರೇ ಕಣಯ್ಯ."

ಅವನ ಮುಖ ಇಳಿದುಹೋಯಿತು. "ಹಂಗಾದ್ರೆ ನಮ್ಮಣ್ಣ ಹೇಳಾದೇ ಸರಿ" ಎಂದ.

ಆಮೇಲೆ ಒಂದೊಂದೇ ಹೊರಗೆ ಬಂತು. ಇರ್ಫಾನ್ ಫೋನಿನಲ್ಲಿ ಸಿಕ್ಕಿದಾಗಲೆಲ್ಲ "ರಸ್ತೆ ಮುಚ್ಚಿದೆ, ಬರಕ್ಕಾಗಲ್ಲ" ಎನ್ನುತ್ತಿದ್ದನಂತೆ. ಮಹಬೂಬನ ಅಣ್ಣ ಖಾದರ್ ಭಾಯಿ, ಕುಣಿಗಲ್ಲಿನಲ್ಲಿ ದಿನಸಿ ಅಂಗಡಿಯವರು, ಮನೆಗೆ ಹಿರಿಯರು. ಅವರದು ಒಂದೇ ಪ್ರಶ್ನೆ: ಹೆಂಡತಿ ಲೇಹ್‌ನಿಂದ ಬಂದಳಲ್ಲ, ಅಲ್ಲಿಂದ ನೂರು ಕಿಲೋಮೀಟರಿನಲ್ಲಿರುವ ಗಂಡನಿಗೆ ಬರಲು ಏನು ಅಡ್ಡಿ? ನೂರು ಕಿಲೋಮೀಟರು ಎನ್ನುವುದನ್ನು ಮದುವೆಮನೆಯಲ್ಲೇ ಎಲ್ಲರೂ ಕೇಳಿದ್ದರು. ಮನೆಯ ಹಿರಿಯಜ್ಜಿ ಫಾತಿಮಾ ಬೂ ಅವರಿಗೆ ಕಿವಿ ಮಂದ. ಅಳಿಯ ಎಲ್ಲಿದ್ದಾನೆ ಎಂದು ಅವರು ಕೇಳಿದಾಗ ಯಾರೋ "ಪದುಮ್‌ನಲ್ಲಿ" ಎಂದಿದ್ದಾರೆ. ಅವರಿಗೆ ಕೇಳಿಸಿದ್ದು ಪದ್ಮಾ. ನಲವತ್ತನೆಯ ದಿನದ ಊಟ ಮುಗಿಯುವಷ್ಟರಲ್ಲಿ, ಇರ್ಫಾನ್ ಯಾರೋ ಪದ್ಮಾ ಎನ್ನುವವಳ ಜೊತೆಗಿದ್ದಾನೆ, ಅದಕ್ಕೇ ಮಗು ನೋಡಲು ಬರಲಿಲ್ಲ ಎಂಬ ಸುದ್ದಿ ನಾಲ್ಕು ಬೀದಿ ಸುತ್ತಿ ಬಂದಿತ್ತು.

"ಊರಿನ ಹೆಸ್ರು ಅಂತ ಹೇಳ್ದೆ ಸಾರ್. ಊರಾಗಿದ್ರೆ ನೂರು ಕಿಲೋಮೀಟ್ರಿಂದ ಬರಕ್ಕೇನ್ ರೋಗ ಅಂತಾರೆ. ಶುಕ್ರವಾರ ನಮಾಜ್ ಆದ್ಮೇಲೆ ನಮ್ಮಣ್ಣ ಗೂಳೂರಿಗೆ ಹೋಗಿ ಮಗ್ಳು ಸಾಮಾನು, ಬಟ್ಟೆಬರೆ ಎಲ್ಲಾ ವಾಪಸ್ ಕೇಳ್ತೀನಿ ಅಂತವ್ರೆ. ಅದಾದ್ಮೇಲೆ ಇನ್ನೇನೈತೆ, ಸಂಬಂಧ ಮುಗೀತು. ನಿಮ್ಮ ಅಳತೆ ತಪ್ಪಿದ್ರೆ ಸಾಕು ಅಂತ ಬೇಡ್ಕೊಂಡ್ ಬಂದಿದ್ದೆ."

ಅವತ್ತು ಬುಧವಾರ. ಅವನು ತಣ್ಣಗಾದ ಕಾಫಿಯನ್ನು ಹಾಗೇ ಬಿಟ್ಟು ಎದ್ದುಹೋದ. ನನ್ನ ಅಳತೆ ತಪ್ಪಾಗಿರಲಿ ಎಂದು ಒಬ್ಬ ಮನುಷ್ಯ ದೇವರಲ್ಲಿ ಬೇಡಿಕೊಂಡದ್ದು ಅದೇ ಮೊದಲು. ಆಗಲೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ ನೋಡಿ. ಹುಡುಗ ಹೀಗೆ ಮಾಡಬಾರದಿತ್ತು ಎಂದು ನಾನೂ ಗೊಣಗಿಕೊಂಡು ಕೂತೆ.

ಸರೋಜ ಫೋನು ಹಿಡಿದು ಪಕ್ಕಕ್ಕೆ ಬಂದಳು. "ರೀ, ಇಲ್ಲಿ ನೋಡಿ. ಇದು ನಾನೂರೈವತ್ತು ಅಂತ ತೋರಿಸ್ತಿದೆ."

ನೋಡಿದೆ. ಲೇಹ್‌ನಿಂದ ಹೊರಟ ಗೆರೆ ಪದುಮ್‌ನ ಕಡೆಗೆ ತಿರುಗಲೇ ಇಲ್ಲ. ಪಶ್ಚಿಮಕ್ಕೆ ಕಾರ್ಗಿಲ್‌ವರೆಗೆ ಹೋಗಿ, ಅಲ್ಲಿಂದ ತೆಕ್ಕೆಬಿದ್ದ ಹಗ್ಗದಂತೆ ಸುತ್ತಿಕೊಂಡು ದಕ್ಷಿಣಕ್ಕೆ ಇಳಿದಿತ್ತು. ಅದೂ ಬೇಸಗೆಯ ದಾರಿ. ಚಳಿಗಾಲದಲ್ಲಿ ನಡುವಿನ ಕಣಿವೆಬಾಯಿ ಹಿಮ ಬಿದ್ದು ತಿಂಗಳುಗಟ್ಟಲೆ ಮುಚ್ಚಿರುತ್ತದಂತೆ. ಹೊಸದೊಂದು ರಸ್ತೆ ಮಾಡುತ್ತಿದ್ದಾರೆ, ಅದೂ ಹಿಮಕ್ಕೆ ಅಂಜುತ್ತದೆ. ಆ ಊರಿಗೆ ದಿನಾ ಹೋಗಿ ಬರುವ ವಿಮಾನವಂತೂ ಇಲ್ಲವೇ ಇಲ್ಲ. ಅಪರೂಪಕ್ಕೊಂದು ಹೆಲಿಕಾಪ್ಟರು ಹಾರಿದರೆ ಅದರಲ್ಲಿ ಕಾಯಿಲೆಯವರಿಗೆ ಮೊದಲ ಜಾಗ. ಸರೋಜ ಒಂದು ವಿಡಿಯೋ ಹಾಕಿದಳು. ಎರಡಾಳೆತ್ತರ ಹಿಮದ ಗೋಡೆ, ನಡುವೆ ಇರುವೆಯಂತೆ ಒಂದು ಯಂತ್ರ. ನನ್ನ ಎಣ್ಣೆ ಕಲೆಯೊಳಗೆ ಇಷ್ಟೆಲ್ಲ ಇತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಾಗಿರಲಿಲ್ಲ. ತುಂಬಿದ ಮದುವೆಮನೆಯಲ್ಲಿ ಮೆರೆದದ್ದನ್ನು ನಾಲ್ಕು ಜನರ ಎದುರಿಗೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಶುಕ್ರವಾರ ಬೆಳಿಗ್ಗೆಯೇ ಕುಣಿಗಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಸರ್ವೆಯವರು ತಪ್ಪು ಒಪ್ಪಿಕೊಳ್ಳುವ ಜನವಲ್ಲ. ಗಡಿಕಲ್ಲು ಜರುಗಿದೆ ಎನ್ನುತ್ತೇವೆ, ಹಳೆಯ ನಕ್ಷೆ ಸರಿಯಿಲ್ಲ ಎನ್ನುತ್ತೇವೆ, ಬಿಸಿಲಿಗೆ ಚೈನು ಹಿಗ್ಗಿದೆ ಎಂದೂ ಹೇಳಿದ್ದೇವೆ. ಈ ಸಲ ದೂಷಿಸಲು ಹಿಮಾಲಯ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಮಹಬೂಬನ ಮನೆಯ ನಡುಮನೆಯಲ್ಲಿ ಖಾದರ್ ಭಾಯಿ, ಇನ್ನಿಬ್ಬರು ಹಿರಿಯರು ಕೂತಿದ್ದರು. ಮೂಲೆಯ ಮಂಚದ ಮೇಲೆ ಫಾತಿಮಾ ಬೂ. ನಾನು ಬಂದದ್ದು ನೋಡಿ ಉರ್ದುವಿನಲ್ಲಿ ನಡೆಯುತ್ತಿದ್ದ ಮಾತು ಕನ್ನಡಕ್ಕೆ ತಿರುಗಿತು. ಒಳಬಾಗಿಲಿನ ಪರದೆಯ ಹಿಂದೆ ಮಗುವಿನ ಸದ್ದಿತ್ತು. ನಸೀಮಾ ಅಲ್ಲೇ ನಿಂತಿದ್ದಾಳೆಂದು ತಿಳಿಯಿತು.

"ಬನ್ನಿ ಸಾರ್, ನಿಮ್ಮನ್ನೇ ನೆನೆಸ್ಕೊಂಡ್ವಿ" ಎಂದರು ಖಾದರ್ ಭಾಯಿ. "ನೀವೇ ಹೇಳಿ, ನೂರು ಕಿಲೋಮೀಟರು ಒಂದು ದೂರನಾ?"

"ಅದು ನೂರಲ್ಲ ಖಾದರ್ ಭಾಯ್. ನೆಲದ ಮೇಲೆ ನಾನೂರೈವತ್ತು. ಈಗ ಅದೂ ಇಲ್ಲ, ದಾರಿ ಮುಚ್ಚಿದೆ."

"ಮೊನ್ನೆ ಬುಧವಾರ ನೂರೇ ಅಂದ್ರಂತೆ?"

"ನಾನು ಅಳೆದಿದ್ದು ಗಾಳಿಯಲ್ಲಿ. ವಿಮಾನ ಹಾರೋ ದೂರ."

"ಹಂಗಾದ್ರೆ ವಿಮಾನದಲ್ಲೇ ಬರ್ಲಿ."

"ಆ ಊರಿಗೆ ವಿಮಾನ ಇಲ್ಲ."

ಖಾದರ್ ಭಾಯಿ ನನ್ನ ಕಡೆಗೆ ಬಾಗಿದರು. "ವಿಮಾನ ಇಲ್ದಿರೋ ಊರಿಗೆ ವಿಮಾನದ ದೂರ ಯಾಕ್ ಸಾರ್ ಅಳದ್ರಿ?"

ನನ್ನ ಇಡೀ ಸರ್ವಿಸ್ಸಿನಲ್ಲಿ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. "ತಪ್ಪಾಯ್ತು" ಎಂದೆ. "ನನಗೆ ಅಳೆಯೋದು ಅಷ್ಟೇ ಗೊತ್ತಿದ್ದಿದ್ದು. ತಪ್ಪು ನನ್ನದು, ಹುಡುಗನದಲ್ಲ. ಬೇಕಾದ್ರೆ ಇದನ್ನ ಮಸೀದಿ ಮುಂದೆ ನಿಂತು ಹೇಳ್ತೀನಿ."

ಆಗ ಬಾಗಿಲ ಬಳಿ ನಿಂತಿದ್ದ ಮಹಬೂಬ್ ಮುಂದೆ ಬಂದ.

"ಭಾಯ್, ನಾನೊಂದ್ ಹೇಳ್ತೀನಿ. ಹುತ್ರಿದುರ್ಗದ ತಪ್ಪಲಲ್ಲಿ ಒಂದು ಹೊಲ ಅಳ್ದಿದ್ವಿ. ಬೆಟ್ಟದ ಬುಡದಿಂದ ಮ್ಯಾಲಿನ ಕಲ್ಲಿಗೆ ಸಾರ್ ಕಾಗದ್ದಲ್ಲಿ ಆರೇ ಚೈನು. ಆ ಆರು ಚೈನ್ ನಾನು ಹತ್ತಿ ಇಳಿಯೋ ಹೊತ್ಗೆ ಊಟದ ಟೈಮಾಗಿ, ಎರಡೂ ಮಂಡಿ ತರ್ಚೋಗಿತ್ತು. ಕಾಗದ್ದಲ್ಲಿ ಬೆಟ್ಟ ಎಲ್ಲೋಯ್ತು ಸಾರ್ ಅಂತ ಕೇಳಿದ್ದೆ. ನಂ ಲೆಕ್ಕದಲ್ಲಿ ಬೆಟ್ಟ ಬರಲ್ಲ ಕಣಯ್ಯ ಅಂದಿದ್ರು." ಅವನು ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವೂ ಇತ್ತು. "ಮರ್ತೇಬುಟ್ಟಿದ್ದೆ ನಾನು. ಬೆಟ್ಟ ಹತ್ತಿದೋನೇ ಮರ್ತುಬುಟ್ರೆ ಹೆಂಗೆ ಸಾರ್?"

ನಾನು ಸರೋಜಳ ಫೋನಿನಿಂದ ಕಳಿಸಿಕೊಂಡಿದ್ದ ಹಿಮದ ವಿಡಿಯೋ ತೋರಿಸಿದೆ. ಹಿರಿಯರು ಕೈಯಿಂದ ಕೈಗೆ ದಾಟಿಸಿ ನೋಡಿದರು. ಖಾದರ್ ಭಾಯಿ ಎರಡು ಸಲ ನೋಡಿ, "ಯಾ ಅಲ್ಲಾ, ಇದರೊಳಗಿದಾನಾ ಹುಡ್ಗ?" ಎಂದು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಅವತ್ತು ಅವರು ಗೂಳೂರಿಗೆ ಹೋದದ್ದು ನಿಜ, ಸಾಮಾನು ಕೇಳುವುದಕ್ಕಲ್ಲ. ಬೀಗರ ಮನೆಗೆ ಒಂದು ಡಬ್ಬಿ ಸಿಹಿ ತೆಗೆದುಕೊಂಡು ಹೋದರು. ಫಾತಿಮಾ ಬೂ ಅವರಿಗೆ ಮೂರು ಸಲ ಕಿವಿಯಲ್ಲಿ ಕೂಗಿ ಹೇಳಬೇಕಾಯಿತು. ಕೊನೆಗೆ ಅವರು, "ಹಂಗಾದ್ರೆ ಪದ್ಮಾ ಅಂದ್ರೆ ಹೆಂಗ್ಸಲ್ವಾ?" ಎಂದು ಸ್ವಲ್ಪ ನಿರಾಸೆಯಿಂದಲೇ ಕೇಳಿದರು.

ಹೊರಡುವಾಗ ನಸೀಮಾ ಮಗುವನ್ನು ಎತ್ತಿಕೊಂಡು ಮೆಟ್ಟಿಲವರೆಗೆ ಬಂದಳು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡಳು.

"ಅಂಕಲ್, ನಿಮ್ಗೊಂದು ಹೇಳ್ಬೇಕು. ಬೈಕೋಬಾರ್ದು. ದಾರಿ ನಾನೂರೈವತ್ತು, ಚಳಿಗಾಲದಲ್ಲಿ ಮುಚ್ಚುತ್ತೆ, ಎಲ್ಲಾ ನಂಗೆ ಮದ್ವೆಗೆ ಮುಂಚೆನೇ ಗೊತ್ತಿತ್ತು."

ಇಳಿದಿದ್ದ ಮೆಟ್ಟಿಲನ್ನು ನಾನು ಮತ್ತೆ ಹತ್ತಿದೆ.

"ನಮ್ಮನೆಯವ್ರು ಆಗ ಟವರ್ ಕೆಲ್ಸಕ್ಕೆ ಲೇಹ್‌ಗೆ ಬಂದಿದ್ದಾಗ ಕೈ ಕುಯ್ಕೊಂಡು ನಮ್ಮ ಆಸ್ಪತ್ರೆಗೆ ಬಂದಿದ್ರು. ಬ್ಯಾಂಡೇಜ್ ಕಟ್ತಿದ್ರೆ 'ಅಯ್ಯೋ ಬುಡು ತಾಯಿ, ಬುಡು' ಅಂದ್ರು. ಆ ಊರಲ್ಲಿ ಬುಡು ಅನ್ನೋದು ಕೇಳಿ ನಂಗೆ ಅಳು ಬಂದ್ಬಿಡ್ತು ಅಂಕಲ್. ಗುಬ್ಬಿನಾ, ಗೂಳೂರಾ ಅಂತ ಕೇಳ್ದೆ. ಅಲ್ಲಿಂದ ಶುರುವಾಗಿದ್ದು. ಅಬ್ಬಾಗೆ ನಿಜವಾದ ದೂರ ಹೇಳಿದ್ರೆ ಖಂಡಿತ ಬ್ಯಾಡ ಅಂತಿದ್ರು. ಅಷ್ಟರಲ್ಲಿ ನೀವು ನೂರು ಅಂದ್ರಿ. ನಾನು ಸುಮ್ನಾದೆ."

"ಇಷ್ಟು ದಿನ ಅಷ್ಟೊಂದು ಮಾತು ಕೇಳ್ಕೊಂಡು ಸುಮ್ನಿದ್ದೆಯಲ್ಲಮ್ಮ!"

"ಹೇಳಿದ್ರೆ ಗೊತ್ತಿದ್ದೂ ಅಬ್ಬಾಗೆ ಮೋಸ ಮಾಡ್ದೆ ಅಂತಾಗ್ತಿತ್ತು. ಸುಮ್ನಿದ್ರೆ ನಮ್ಮನೆಯವ್ರ ಹೆಸರು ಕೆಡ್ತಿತ್ತು. ಏನ್ ಮಾಡ್ಬೇಕು ಅಂತಾನೇ ತಿಳೀಲಿಲ್ಲ. ನೀವು ಇವತ್ತು ಬರ್ದೇ ಇದ್ದಿದ್ರೆ..." ಎಂದು ಮುಖ ತಿರುಗಿಸಿ ಮಗುವಿನ ಟೋಪಿ ಸರಿಮಾಡಿದಳು.

ಅವಳ ಆ ತಗ್ಗಿದ ತಲೆಯನ್ನು ನಾಚಿಕೆ ಎಂದು ತಿಳಿದಿದ್ದೆನಲ್ಲ! ಮನುಷ್ಯರ ಮುಖ ಅಳೆಯುವುದರಲ್ಲೂ ನಾನು ಅಷ್ಟಕ್ಕಷ್ಟೇ. ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈ ಗುಟ್ಟನ್ನು ಹೀಗೆ ಬರೆಯುತ್ತಿದ್ದಾನಲ್ಲ ಎಂದು ನೀವು ನನ್ನನ್ನು ಶಪಿಸಬೇಡಿ. ಆಮೇಲೊಂದು ದಿನ ನಸೀಮಾಳೇ ಅಪ್ಪನಿಗೆ ಎಲ್ಲ ಹೇಳಿದಳು. ಅವನು ಒಂದು ಹೊತ್ತು ಮಾತು ಬಿಟ್ಟು, ಇನ್ನೊಂದು ಹೊತ್ತಿಗೆ ನನಗೆ ಫೋನು ಮಾಡಿ, "ಸಾರ್, ನೀವು ಸರಿಯಾಗಿ ಅಳ್ದಿದ್ರೆ ನಂಗೆ ಮೊಮ್ಮಗಳೇ ಇರ್ತಿರ್ಲಿಲ್ಲ" ಎಂದ. ಅದು ಬೈಗುಳವೋ ಹೊಗಳಿಕೆಯೋ ನನಗೆ ಈಗಲೂ ಸ್ಪಷ್ಟವಿಲ್ಲ.

ದಾರಿ ತೆರೆದದ್ದು ಮೇ ಕೊನೆಯಲ್ಲಿ. ಲಾರಿ, ಜೀಪು, ರೈಲು, ಬಸ್ಸು ಹಿಡಿದು ಐದು ದಿನ ಪ್ರಯಾಣ ಮಾಡಿ ಇರ್ಫಾನ್ ಜೂನ್ ಮೊದಲ ವಾರ ಕುಣಿಗಲ್ಲಿಗೆ ಬಂದ. ಮಹಬೂಬ್ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದ. ನಾವು ಹೋಗುವಷ್ಟರಲ್ಲಿ ನಡುಮನೆಯಲ್ಲಿ ಎಲ್ಲರೂ ನೆರೆದಿದ್ದರು. ನಡುವೆ ಚಾಪೆಯ ಮೇಲೆ ಐದು ತಿಂಗಳು ತುಂಬಿದ ಸನಾ ಮಗುಚಿಕೊಂಡು ತಲೆಯೆತ್ತಿ ಎಲ್ಲರನ್ನೂ ನೋಡುತ್ತಿದ್ದಳು. ಹುಡುಗ ಮಾತ್ರ ಹೊಸಲಿನ ಬಳಿಯೇ ಕೂತಿದ್ದ. ಬಿಸಿಲು ಹಿಮಕ್ಕೆ ಸುಟ್ಟು ಸಿಪ್ಪೆಯೆದ್ದ ಮುಖ, ಉದ್ದ ಬೆಳೆದ ಗಡ್ಡ.

"ಯಾಕೆ ಅಷ್ಟು ದೂರ ಕೂತಿದೀಯಪ್ಪ?" ಎಂದು ಸರೋಜ ಕೇಳಿದಳು.

"ಹತ್ರ ಹೋದ್ರೆ ಅಳ್ತಾಳೆ ಆಂಟಿ" ಎಂದ. "ಬೆಳಿಗ್ಗೆಯಿಂದ ಮೂರು ಸಲ ಹೋದೆ. ಹೆದ್ರಕೊಂಡ್ಲು. ಗಡ್ಡ ತೆಗೀತೀನಿ ಅಂದ್ರೆ ನಸೀಮಾ ಬ್ಯಾಡ ಅಂದ್ಲು, ಇದೇ ಮುಖ ಗುರ್ತು ಹಿಡೀಲಿ ಅಂತ."

ಅವನು ನನ್ನ ಕಡೆ ನೋಡಿ ನಕ್ಕು ಸಲಾಮ್ ಮಾಡಿದ. ಮಗುವಿಗೆ ಕೇಳಬಾರದೆಂದು ದನಿ ತಗ್ಗಿಸಿಯೇ ಮಾತಾಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕೂತಲ್ಲಿಂದಲೇ ಒಂದು ಗೇಣು ಮುಂದೆ ಜರುಗಿದ. ಸನಾ ನೋಡಿದಳು, ತುಟಿ ಸೊಟ್ಟ ಮಾಡಿದಳು, ಅಳಲಿಲ್ಲ. ಅವನು ಜರುಗುವುದನ್ನು ಅಲ್ಲಿಗೇ ನಿಲ್ಲಿಸಿದ. ಇನ್ನಷ್ಟು ಹೊತ್ತಾಯಿತು, ಇನ್ನೊಂದು ಗೇಣು. ನಾವೆಲ್ಲ ಬೇರೆ ಮಾತಾಡುತ್ತಿರುವಂತೆ ನಟಿಸುತ್ತಿದ್ದೆವು. ಯಾರ ಗಮನವೂ ಮಾತಿನ ಮೇಲಿರಲಿಲ್ಲ. ಖಾದರ್ ಭಾಯಿಯಂತೂ ಉಸಿರು ಬಿಗಿಹಿಡಿದು, ಕೈಯಲ್ಲೇ "ಸಾವಕಾಶ, ಸಾವಕಾಶ" ಎಂದು ಸನ್ನೆ ಮಾಡುತ್ತಿದ್ದರು. ಒಳಗಿನಿಂದ ಊಟಕ್ಕೆ ಕರೆಯಲು ಬಂದ ಮಹಬೂಬನ ಹೆಂಡತಿ ಅಮೀನಾಬಿ ಬಾಗಿಲಲ್ಲೇ ನಿಂತುಬಿಟ್ಟರು.

ಚಾಪೆಯ ಅಂಚಿಗೆ ಬಂದವನು ಕೈಯನ್ನು ನೆಲದ ಮೇಲೆ ಅಂಗಾತ ಇಟ್ಟು ಸುಮ್ಮನೆ ಕೂತ. ಸನಾ ಆ ಕೈಯನ್ನು ನೋಡಿದಳು, ಮುಖ ನೋಡಿದಳು, ಮತ್ತೆ ಕೈ ನೋಡಿದಳು. ಆಮೇಲೆ ಒಂದು ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಯಿಗೆ ಹಾಕಿಕೊಂಡಳು. ಹಾಗೇ ಚೀಪುತ್ತ ಚೀಪುತ್ತ ನಿದ್ದೆಹೋದಳು.

"ಏಳು ಬೇಟಾ, ಊಟ ಆರಿಹೋಗುತ್ತೆ" ಎಂದರು ಅಮೀನಾಬಿ. ಅವನು ಬೇಡವೆಂದು ತಲೆಯಾಡಿಸಿದ. ನಾವೆಲ್ಲ ಉಂಡು, ಕೈತೊಳೆದು, ಎಲೆಯಡಿಕೆ ಹಾಕಿಕೊಂಡು ತುಮಕೂರಿನ ಬಸ್ಸಿಗೆ ಹೊರಟಾಗಲೂ ಅವನು ಆ ಕೈಯನ್ನು ಅಲುಗಿಸಿರಲಿಲ್ಲ.